ಬಾಕಿ ಉಳಿದ ಎರಡು ಷರತ್ತು

ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿಗೆ ಸುಧಾ ಮೂರ್ತಿಯವರು ಸೇರಿದಾಗ ಪ್ರಾಂಶುಪಾಲರು ಮೂರು ಷರತ್ತು ಹಾಕಿದ್ದರು. ಸೀರೆಯನ್ನೇ ಉಡಬೇಕು. ಕ್ಯಾಂಟೀನಿಗೆ ಹೋಗಕೂಡದು. ಹುಡುಗರೊಡನೆ ಮಾತಾಡಕೂಡದು. ಅದಾಗಿ ಐವತ್ತು ವರ್ಷ ದಾಟಿದೆ. ಈಗ ಗದಗಿನಲ್ಲೂ ಲಕ್ಷ್ಮೇಶ್ವರದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಬೆಟಗೇರಿಯ ನೇಕಾರರ ಮನೆಯಿಂದ, ಶಿರಹಟ್ಟಿಯ ರೈತರ ಮನೆಯಿಂದ ಹೆಣ್ಣುಮಕ್ಕಳು ಎಂಜಿನಿಯರ್ ಆಗಿ ಹೊರಬರುತ್ತಿದ್ದಾರೆ. ಸೀರೆಯ ಷರತ್ತು ಹೋಯಿತು. ಉಳಿದೆರಡು ಕಾಲೇಜಿನಿಂದ ಊರಿಗೆ ಬಂದು ಕುಳಿತಿವೆ.

ಮುಂಡರಗಿ ಕಡೆಯ ಗಾಳಿ ಫ್ಯಾನಿನ ಸೈಟುಗಳಲ್ಲಿ ಹತ್ತು ಗಂಡಸರ ನಡುವೆ ಒಬ್ಬಳು ಹುಡುಗಿ ಸಿಗುತ್ತಾಳೆ. ತಲೆಗೆ ಹೆಲ್ಮೆಟ್, ಕಾಲಿಗೆ ಕೆಸರು ಮೆತ್ತಿದ ಶೂ. ಹತ್ತಿರದಲ್ಲಿ ಶೌಚಾಲಯ ಇರುವುದಿಲ್ಲ; ಅದಕ್ಕೇ ಮಧ್ಯಾಹ್ನದವರೆಗೆ ನೀರು ಮುಟ್ಟುವುದಿಲ್ಲ. ಆರು ಗಂಡಸರೊಂದಿಗೆ ಜೀಪಿನಲ್ಲಿ ಎರೆಹೊಲದ ದಾರಿ ಹಿಡಿದರೆ ಅದು ಡ್ಯೂಟಿ. ಯಾರದೂ ತಕರಾರಿಲ್ಲ. ಆ ಆರರಲ್ಲಿ ಒಬ್ಬನ ಜೊತೆ ಸಂಜೆ ಗದಗಿನ ಮುಳಗುಂದ ನಾಕಾದಲ್ಲಿ ನಿಂತು ಚಹಾ ಕುಡಿದಳೋ, ಅವಳಿಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತದೆ. ಬಾಗಿಲಲ್ಲೇ ಪ್ರಶ್ನೆ: "ಯಾರವಾ ಅಂವಾ?" ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಮಾತು ಬೆಳೆದರೆ ಹುಡುಗನಿಗೆ ಗೆಳೆಯರ ಚೇಷ್ಟೆ. ನೌಕರಿ ಬಿಡುವವಳು ಅವಳು. ಹಾಗಾಗಿ ಒಬ್ಬರನ್ನೊಬ್ಬರು ಮೆಚ್ಚಿದವರು ರವಿವಾರ ಬೇರೆ ಬೇರೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗುತ್ತಾರೆ. ಅವನ ನಂಬರು ಅವಳ ಫೋನಿನಲ್ಲಿ ಯಾವುದೋ ಗೆಳತಿಯ ಹೆಸರಿನಲ್ಲಿರುತ್ತದೆ.

ಈ ಕದ್ದುಮುಚ್ಚಿನ ಬೆಲೆ ನಮ್ಮ ಹಿರಿಯರಿಗೆ ತಿಳಿದಂತಿಲ್ಲ. ಮನೆಗೆ ಹೇಳದೆ ಭೇಟಿಯಾದವಳು, ನಾಳೆ ಅವನು ಬೆದರಿಸಿದರೂ ಮನೆಗೆ ಹೇಳಲಾರಳು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಿದೆ. ಹತ್ತು ಮಂದಿ ಇರುವ ಕಚೇರಿಗೂ ದೂರು ಸಮಿತಿ ಕಡ್ಡಾಯ. ಅದಕ್ಕಿಂತ ಸಣ್ಣ ಕಚೇರಿಯವರಿಗೆ ಜಿಲ್ಲಾ ಮಟ್ಟದ ಸಮಿತಿ. ದೂರು ಕೊಟ್ಟರೆ ಮೊದಲು ಬರುವ ಮಾತು, "ನೀನ್ಯಾಕ ಅವನ ಜೊತಿ ಮಾತಾಡಿದಿ?" ಆ ಒಂದು ಪ್ರಶ್ನೆಗೆ ಹೆದರಿ ಕಾಯ್ದೆಯ ಬಾಗಿಲು ತಟ್ಟದೆ ಉಳಿದವರು ಎಷ್ಟೋ. ಮಾತಾಡಬೇಡ ಎಂದದ್ದರಿಂದ ಮಾತು ನಿಂತಿಲ್ಲ. ಆಸರೆ ತಪ್ಪಿದೆ, ಅಷ್ಟೆ. ಮನೆಯವರ ಬಗ್ಗೆ ಅವಳ ಹೆದರಿಕೆ ಸುಳ್ಳೂ ಅಲ್ಲ. 2019ರ ನವೆಂಬರಿನಲ್ಲಿ ಇದೇ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾದ ದಂಪತಿಯನ್ನು ಹೆಣ್ಣಿನ ಕಡೆಯವರೇ ಕಲ್ಲಿನಿಂದ ಜಜ್ಜಿ ಕೊಂದರು. 2025ರ ಜನವರಿಯಲ್ಲಿ ಗದಗ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮದುವೆಗೆ ಮನೆತನದ್ದಾಗಲಿ ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿಯಾಗಿತ್ತು.

ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ಓದನ್ನು, ಹೆಂಗಸರಿಗೆ ನೌಕರಿ ಯಾಕಿಲ್ಲ ಎಂದು 1974ರಲ್ಲಿ ಅವರು ಜೆ.ಆರ್.ಡಿ. ಟಾಟಾ ಅವರಿಗೆ ಬರೆದ ಪೋಸ್ಟ್ ಕಾರ್ಡನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತೇವೆ. ಹೇಳಲೇಬೇಕು. ಪುಣೆಯಲ್ಲಿ ಎಂಜಿನಿಯರುಗಳ ನಡುವೆ ದುಡಿಯುತ್ತಲೇ ಅವರು ನಾರಾಯಣ ಮೂರ್ತಿಯವರನ್ನು ಕಂಡು, ಮಾತಾಡಿ, ಅರಿತು, ಗಟ್ಟಿ ನೌಕರಿಯಿಲ್ಲದ ಹುಡುಗ ಎಂದು ಹಿಂಜರಿದ ತಂದೆಯನ್ನು ಒಪ್ಪಿಸಿ 1978ರಲ್ಲಿ ಮದುವೆಯಾದರು. ಇದನ್ನೂ ಹೇಳಬೇಕು. ಮಗಳಿಗೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಒಪ್ಪಿಸುವಷ್ಟು ಬುದ್ಧಿಯಿದೆ ಎಂದು ಕಂಪನಿ ನಂಬಿದೆ. ಮನುಷ್ಯನನ್ನು ಅಳೆಯುವ ಬುದ್ಧಿಯೂ ಅವಳಿಗಿದೆ ಎಂದು ಮನೆ ನಂಬಬೇಕು. ಅಳೆಯುವಾಗ ತಪ್ಪಿದರೆ ಹಿಂದಿರುಗಿ ಬಂದು ಹೇಳಿಕೊಳ್ಳಲು ಅವಳಿಗೆ ಒಂದು ಪಡಸಾಲೆ ಬೇಕು. ಅಪ್ಪಂದಿರಲ್ಲಿ, ಅವ್ವಂದಿರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ರವಿವಾರ ಮಗಳು ಹುಬ್ಬಳ್ಳಿಗೆ ಹೊರಟು ನಿಂತರೆ ತಡೆಯಬೇಡಿ, ಗದರಬೇಡಿ. ಅವನನ್ನೇ ಮನೆಗೆ ಚಹಾಕ್ಕೆ ಕರೆಯಿರಿ.