ಅಂಕ ಪಂಚಾಯಿತಿಗೆ, ಅಧಿಕಾರ ಯಾರಿಗೆ?

ದೇಶದ ಗ್ರಾಮ ಪಂಚಾಯಿತಿಗಳಿಗೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಮೊದಲ ಅಂಕಪಟ್ಟಿ ಕೊಟ್ಟಿದ್ದು 2025ರ ಏಪ್ರಿಲ್‌ನಲ್ಲಿ. 2022–23ನೇ ಸಾಲಿನ ಮಾಹಿತಿ ಆಧರಿಸಿದ ‘ಪಂಚಾಯಿತಿ ಪ್ರಗತಿ ಸೂಚ್ಯಂಕ’ 2,16,285 ಪಂಚಾಯಿತಿಗಳನ್ನು ಅಳೆಯಿತು. ನೂರಕ್ಕೆ 90 ದಾಟಿ ‘ಸಾಧಕ’ ದರ್ಜೆಗೇರಿದ ಪಂಚಾಯಿತಿ ಒಂದೂ ಇರಲಿಲ್ಲ. ಎರಡನೇ ದರ್ಜೆ ಮುಟ್ಟಿದ್ದು 699 ಮಾತ್ರ. ಅವುಗಳಲ್ಲಿ ಗುಜರಾತಿನವು 346, ತೆಲಂಗಾಣದವು 270. ಉಳಿದವುಗಳಲ್ಲಿ 1,32,392 ಪಂಚಾಯಿತಿಗಳು 40ರಿಂದ 60 ಅಂಕಗಳ ನಡುವೆಯೇ ನಿಂತವು. ಒಟ್ಟು ಲೆಕ್ಕದಲ್ಲಿ ಇದು ಶೇ 61ರಷ್ಟು.

ಬಡತನ ನಿವಾರಣೆ, ಆರೋಗ್ಯ, ಮಕ್ಕಳ ಸ್ಥಿತಿಗತಿ, ನೀರು, ಸ್ವಚ್ಛತೆ, ಮೂಲಸೌಕರ್ಯ, ಸಾಮಾಜಿಕ ಭದ್ರತೆ, ಉತ್ತಮ ಆಡಳಿತ, ಮಹಿಳಾಸ್ನೇಹಿ ವಾತಾವರಣ ಎಂಬ ಒಂಬತ್ತು ವಿಷಯಗಳಲ್ಲಿ 435 ಸೂಚಕಗಳನ್ನಿಟ್ಟು ಈ ಅಳತೆ ನಡೆಯಿತು. ಮಾಹಿತಿ ತುಂಬುವುದೇ ದೊಡ್ಡ ಹೊರೆಯಾದದ್ದರಿಂದ ಎರಡನೇ ಆವೃತ್ತಿಯಲ್ಲಿ ಸೂಚಕಗಳನ್ನು 147ಕ್ಕೆ ಇಳಿಸಲಾಯಿತು. ಅದು ಸರಿಯಾದ ತಿದ್ದುಪಡಿ. ಆದರೆ ಸೂಚಕಗಳ ಸಂಖ್ಯೆಗಿಂತ ದೊಡ್ಡ ಪ್ರಶ್ನೆಯೊಂದು ಹಾಗೇ ಉಳಿದಿದೆ: ಕಡಿಮೆ ಅಂಕ ಬಂದರೆ ಉತ್ತರ ಹೇಳಬೇಕಾದವರು ಯಾರು?

ಗರ್ಭಿಣಿಯರ ರಕ್ತಹೀನತೆಯನ್ನೇ ನೋಡಿ. ತಪಾಸಣೆ ಮಾಡುವವರು, ಮಾತ್ರೆ ಕೊಡುವವರು ಆರೋಗ್ಯ ಇಲಾಖೆಯವರು. ಪೌಷ್ಟಿಕ ಆಹಾರ ಬರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಿಂದ. ಶಾಲೆ ಬಿಟ್ಟ ಮಕ್ಕಳ ಸಂಖ್ಯೆ ಲೆಕ್ಕಕ್ಕೆ ಬರುತ್ತದೆ, ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬುವ ಅಧಿಕಾರ ಮಾತ್ರ ಪಂಚಾಯಿತಿಗಿಲ್ಲ. ಅಧ್ಯಕ್ಷರು ಹೆಚ್ಚೆಂದರೆ ಠರಾವು ಮಾಡಿ ಮೇಲಕ್ಕೆ ಕಳಿಸಬಹುದು. ಬೀದಿದೀಪ, ಚರಂಡಿ, ಕಂದಾಯ ವಸೂಲಿ, ನೀರು ಸರಬರಾಜಿನ ನಿರ್ವಹಣೆಯಂತಹವು ಪಂಚಾಯಿತಿಯ ಕೈಯಲ್ಲಿವೆ. ಅವುಗಳನ್ನೂ ಇಲಾಖೆಗಳ ಕೆಲಸವನ್ನೂ ಒಂದೇ ಮೊತ್ತಕ್ಕೆ ಕೂಡಿಸಿದರೆ, ಚೆನ್ನಾಗಿ ಕೆಲಸ ಮಾಡುವ ಪಂಚಾಯಿತಿ ಇಲಾಖೆಯ ಲೋಪಕ್ಕೆ ದಂಡ ತೆರುತ್ತದೆ. ಏನೂ ಮಾಡದ ಪಂಚಾಯಿತಿ ಇಲಾಖೆಯ ನೆರಳಲ್ಲಿ ಪಾಸಾಗುತ್ತದೆ.

ಪಂಚಾಯಿತಿಗಳಿಗೆ ಅಧಿಕಾರ ಹಂಚಿಕೆಯಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು ಎಂದು 2025ರ ಫೆಬ್ರುವರಿಯಲ್ಲಿ ಕೇಂದ್ರ ಬಿಡುಗಡೆ ಮಾಡಿದ ವರದಿ ಹೇಳಿತು. ಇದೇ ರಾಜ್ಯದಲ್ಲಿ 2021ಕ್ಕೆ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗ್ರಾಮ ಪಂಚಾಯಿತಿಯ ದೂರನ್ನು ಇಲಾಖೆಯ ಮುಂದಿಡಬೇಕಾದ ಚುನಾಯಿತ ವೇದಿಕೆಗಳು ಅಧಿಕಾರಿಗಳ ಕೈಗೆ ಹೋದವು. ಹಣದ ಕಥೆಯೂ ಹೀಗೆಯೇ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಮೀಸಲಿಡಲಾಗಿತ್ತು. ಸೂಚ್ಯಂಕ ಬೇರೆ ಕೊರತೆಯತ್ತ ಬೊಟ್ಟು ಮಾಡಿದರೂ ಅದಕ್ಕೆ ಖರ್ಚು ಮಾಡಲು ಪಂಚಾಯಿತಿಗೆ ಉಳಿಯುತ್ತಿದ್ದುದು ಸಣ್ಣ ಪಾಲು.

ಎರಡನೆಯ ತೊಡಕು ಸರಾಸರಿಯದು. ಇಲ್ಲಿ ಪಂಚಾಯಿತಿ ಎಂದರೆ ಒಂದೇ ಊರಲ್ಲ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 5ರಿಂದ 7 ಸಾವಿರ ಜನಸಂಖ್ಯೆಗೆ ಒಂದು ಪಂಚಾಯಿತಿ. ಅದರೊಳಗೆ ಹಲವು ಹಳ್ಳಿ, ಹಟ್ಟಿ, ತಾಂಡಾ, ಕೇರಿಗಳು. ‘ಮನೆ ಮನೆಗೆ ಗಂಗೆ’ ಯೋಜನೆಯಲ್ಲಿ ಪ್ರತಿ ಮನೆಯ ಮುಂದೆ ನಲ್ಲಿ ನಿಂತರೆ ಕಾಗದದಲ್ಲಿ ಪೂರ್ತಿ ಅಂಕ. ನೀರುಗಂಟಿ ವಾಲ್ವ್ ತಿರುಗಿಸಿದಾಗ ಟ್ಯಾಂಕಿನ ಪಕ್ಕದ ಓಣಿಯಲ್ಲಿ ಬಿಂದಿಗೆ ಬೇಗ ತುಂಬುತ್ತದೆ. ಪೈಪ್‌ಲೈನಿನ ಕೊನೆಗೆ, ದಿಬ್ಬದ ಮೇಲಿರುವ ಕೇರಿಗೆ ನೀರು ಏರುವ ಹೊತ್ತಿಗೆ ಕರೆಂಟು ಹೋಗಿರುತ್ತದೆ. ಅಲ್ಲಿನ ನಲ್ಲಿಯೂ ಲೆಕ್ಕದಲ್ಲಿದೆ. ಆ ಕೇರಿಯ ಹೆಣ್ಣುಮಕ್ಕಳು ಕೊಡ ಹೊತ್ತು ಕೈಪಂಪಿಗೆ ನಡೆಯುವ ದೂರ ಲೆಕ್ಕದಲ್ಲಿಲ್ಲ. ಯಾವ ಕೇರಿ ಹಿಂದುಳಿದಿದೆ ಎಂದು ತೋರಿಸದ ಅಂಕ ತಾಲ್ಲೂಕು ಕಚೇರಿಗೆ ಸಾಕು, ಊರಿಗೆ ಸಾಲದು.

ಅಳತೆಯ ವಿಷಯದಲ್ಲಿ ನಮಗೆ ಹಳೆಯ ಪಾಠವೂ ಇದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರಿಸಿತು. ಅಳತೆಯ ಬೆನ್ನಿಗೇ ಎಂಟು ವರ್ಷಗಳ ₹31 ಸಾವಿರ ಕೋಟಿಯ ವಿಶೇಷ ಯೋಜನೆಯನ್ನೂ ಮುಂದಿಟ್ಟಿತು. ಅನುಷ್ಠಾನ ಕುಂಟಿದ್ದು ನಿಜ. ಆದರೂ ಹಿಂದುಳಿದ ತಾಲ್ಲೂಕಿನವರು ‘ನಮ್ಮ ಪಾಲೆಲ್ಲಿ’ ಎಂದು ಕೇಳಲು ಅದೊಂದು ದಾಖಲೆಯಾಯಿತು. ಹೊಸ ಸೂಚ್ಯಂಕಕ್ಕೆ ಅಂತಹ ಗಂಟು ಇಲ್ಲ. ಹೆಚ್ಚು ಅಂಕಕ್ಕೆ ಪ್ರಶಸ್ತಿ ಎಂದಷ್ಟೇ ಆದರೆ ಅಂಕಿಗಳು ಉಬ್ಬುತ್ತವೆ. ಕಡಿಮೆ ಅಂಕಕ್ಕೆ ಅನುದಾನ ಎಂದಷ್ಟೇ ಆದರೆ ಕುಗ್ಗುತ್ತವೆ. ಆದ್ದರಿಂದ ಒಟ್ಟು ಅಂಕಕ್ಕೆ ಹಣ ಜೋಡಿಸುವ ಬದಲು, ಸ್ಥಳದಲ್ಲೇ ಪರಿಶೀಲಿಸಬಹುದಾದ ನಿರ್ದಿಷ್ಟ ಕೊರತೆಗೆ ಜೋಡಿಸುವುದು ಲೇಸು.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಅಂಕಪಟ್ಟಿಯನ್ನು ಎರಡು ಭಾಗ ಮಾಡಿ, ಪಂಚಾಯಿತಿ ಉತ್ತರಿಸಬೇಕಾದದ್ದು ಒಂದು ಕಡೆ, ಪ್ರತಿ ಇಲಾಖೆ ಉತ್ತರಿಸಬೇಕಾದದ್ದು ಇನ್ನೊಂದು ಕಡೆ ಇರಲಿ. ನೀರು, ಶೌಚಾಲಯ, ಅಂಗನವಾಡಿಯ ಅಂಕಿಗಳನ್ನು ಜನವಸತಿವಾರು ಬಿಡಿಸಿ ಬರೆಯಲಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಪಂಚಾಯಿತಿಯಲ್ಲೂ ನಡೆಯಬೇಕಾದ ಲೆಕ್ಕಪತ್ರ ಪರಿಶೀಲನೆಯ ಸಭೆಯಾದ ಜಮಾಬಂದಿಯಲ್ಲಿ ಖರ್ಚಿನ ಕಡತದ ಜತೆಗೇ ಅದನ್ನು ಓದಲಿ. ‘ನಮ್ಮ ಕೇರಿಗೆ ನೀರು ಬರುತ್ತಿಲ್ಲ, ಈ ಅಂಕ ಸುಳ್ಳು’ ಎಂದು ಒಬ್ಬರು ಎದ್ದು ಹೇಳಿದರೆ ಅದು ನಡಾವಳಿಗೆ ಸೇರಲಿ, ಅಂಕಿಯನ್ನು ತಿದ್ದುವವರೆಗೆ ಮಾಹಿತಿಗೆ ಒಪ್ಪಿಗೆ ಸಿಗದಿರಲಿ. ಅದೇ ಸಭೆಗೆ ವೈದ್ಯಾಧಿಕಾರಿ, ಶಿಕ್ಷಣ ಇಲಾಖೆಯವರು ತಮ್ಮ ಕಾಲಂನೊಂದಿಗೆ ಬಂದು ಕೂರಲಿ. ಅಧ್ಯಕ್ಷರು, ಪಿಡಿಒಗಳನ್ನಷ್ಟೇ ನಿಲ್ಲಿಸಿ ಪ್ರಶ್ನಿಸುವ ಸೂಚ್ಯಂಕ, ಊರಿನ ಪ್ರಗತಿಯ ಬಹುಪಾಲನ್ನು ನಿರ್ಧರಿಸುವ ಇಲಾಖೆಗಳನ್ನು ಪ್ರಶ್ನೆಯಿಂದ ಪಾರು ಮಾಡುತ್ತದೆ.