ಟಿಕೆಟ್ ಕೊಟ್ಟ ಮೇಲೆ ನಿಲ್ಲೋಕೆ ಜಾಗ ಕೊಡಿ

ಕುದುರೆ ರೇಸಿನ ಟಿಕೆಟ್ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ಬಳಗದಲ್ಲೇ ಒಬ್ಬರು ನಕ್ಕರು. ಮದುವೆ ಮೆರವಣಿಗೆಗೆ ಬಾಡಿಗೆಗೆ ಬರುವುದು ಬಿಟ್ಟರೆ ನಮ್ಮ ಜಿಲ್ಲೆಯಲ್ಲಿ ಕುದುರೆ ಎಲ್ಲಿದೆ ಮಾರಾಯ ಅಂತ. ಸರಿ, ನಮ್ಮ ಕಡೆ ರೇಸ್ ಕೋರ್ಸ್ ಇಲ್ಲ. ಆದರೆ ರೇಸಿಗೆ ಹೋಗುವವರೂ ಇಲ್ಲ ಅಂದುಕೊಂಡವರು ರೇಸ್ ದಿನ ಬೆಳಿಗ್ಗೆ ಚಿಂತಾಮಣಿ ಬಸ್ ನಿಲ್ದಾಣದಲ್ಲೋ ಗೌರಿಬಿದನೂರು ರೈಲು ನಿಲ್ದಾಣದಲ್ಲೋ ಹತ್ತು ನಿಮಿಷ ನಿಂತು ನೋಡಲಿ. ಗಾರೆ ಕೆಲಸದವರು, ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ದುಡಿಯುವವರು, ಲಾರಿ ಕ್ಲೀನರ್‌ಗಳು, ಮಂಡಿಯಲ್ಲಿ ಮೂಟೆ ಹೊರುವವರು. ಮಡಚಿದ ರೇಸ್ ಪುಸ್ತಕ ಅಂಗಿ ಜೇಬಿನಿಂದ ಇಣುಕುತ್ತಿರುತ್ತದೆ. ಬೆಂಗಳೂರಿನಲ್ಲಿ ಕೆಲಸ ಇದೆ ಅಂತ ಮನೆಯಲ್ಲಿ ಹೇಳಿ ಬಂದಿರುತ್ತಾರೆ.

ಈ ಬರಹ ಅವರ ಪರ. ಜೂಜಿನ ಪರ ಅಂತ ಓದಿಕೊಂಡು ನನಗೆ ಫೋನ್ ಮಾಡಬೇಡಿ.

ಕೆಲವು ವರ್ಷದ ಹಿಂದೆ ನಮ್ಮೂರಿನ ಗಾರೆ ಕೆಲಸದ ಗೆಳೆಯನೊಬ್ಬನ ಜೊತೆ ಒಂದು ದೊಡ್ಡ ರೇಸ್ ನೋಡಲು ಹೋಗಿದ್ದೆ. ಬೆಂಗಳೂರಿನದ್ದಲ್ಲ, ಬೇರೆ ಊರು, ಹೆಸರು ಬೇಡ. ಅವನು ತೆಗೆದುಕೊಂಡಿದ್ದು ಎಲ್ಲಕ್ಕಿಂತ ಕಡಿಮೆ ದರದ ಟಿಕೆಟ್. ನಾನೂ ಅದನ್ನೇ ತೆಗೆದುಕೊಂಡೆ. ಪ್ರೆಸ್ ಕಾರ್ಡ್ ತೋರಿಸಬಹುದಿತ್ತು, ಆದರೆ ತಾಲ್ಲೂಕು ಸ್ಟ್ರಿಂಗರ್ ಕಾರ್ಡಿಗೆ ಎಷ್ಟು ಬೆಲೆ ಅಂತ ನಮಗೆಲ್ಲ ಗೊತ್ತಿರುವುದೇ. ಕೌಂಟರ್ ಒಂದೇ, ಸಾಲು ರಸ್ತೆವರೆಗೆ. ಒಳಗೆ ಹೋದರೆ ಕೈ ಮೇಲೆತ್ತಲು ಜಾಗವಿಲ್ಲ. ಮುಂದೆ ಕಬ್ಬಿಣದ ಬೇಲಿ, ಪಕ್ಕದಲ್ಲಿ ಇನ್ನೊಂದು ಬೇಲಿ. ಆ ಪಕ್ಕದ ಬೇಲಿಯ ಆಚೆ ಕುರ್ಚಿಗಳಿದ್ದವು, ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿದ್ದರು, ಅರ್ಧಕ್ಕರ್ಧ ಖಾಲಿ. ನಮ್ಮ ಕಡೆ ವಯಸ್ಸಾದವರೊಬ್ಬರು ತಲೆ ಸುತ್ತಿ ಕುಕ್ಕರಗಾಲಲ್ಲಿ ಕೂತರೆ ಅವರ ಸುತ್ತ ಒಂದು ಅಡಿ ಜಾಗ ಬಿಡಲು ನಾಲ್ಕು ಜನ ಬೆನ್ನು ಕೊಟ್ಟು ತಳ್ಳಬೇಕಾಯಿತು. ಕುದುರೆ ಕಂಡಿದ್ದು ಹತ್ತು ಸೆಕೆಂಡ್. ಅದೂ ಜಾಕಿಯ ಟೋಪಿ ಮಾತ್ರ.

ನನಗೆ ಸಿಟ್ಟು ಬಂದಿದ್ದು ಅಲ್ಲಲ್ಲ. ಹೊರಗೆ ಬಂದಾಗ ಕೌಂಟರ್ ಇನ್ನೂ ತೆರೆದೇ ಇತ್ತು. ಅದೇ ಸ್ಟ್ಯಾಂಡಿಗೆ, ಅದೇ ದರಕ್ಕೆ, ಇನ್ನೂ ಟಿಕೆಟ್ ಹರಿಯುತ್ತಿದ್ದರು. ಎಷ್ಟು ಜನಕ್ಕೆ ಅಂತ ಕೊಡುತ್ತೀರಿ ಅಂತ ಕೇಳಿದೆ. ಜನ ಬರೋವರೆಗೂ ಕೊಡ್ತೀವಿ ಅಂದ. ಅವನ ತಪ್ಪಲ್ಲ, ಅವನಿಗೆ ಯಾರೂ ಲೆಕ್ಕ ಹೇಳಿರಲಿಲ್ಲ.

ಟಿಕೆಟ್ ದರ ಜಾಸ್ತಿಯಾಯಿತು, ಕಡಿಮೆ ಮಾಡಿ ಅಂತ ಕೂಗುವುದು ಸುಲಭ, ನಾನೂ ಕೂಗುತ್ತೇನೆ. ಆದರೆ ಅದಕ್ಕಿಂತ ಮುಂಚಿನ ಪ್ರಶ್ನೆ ಒಂದಿದೆ. ಟಿಕೆಟ್ ಅಂದರೆ ಏನು? ದುಡ್ಡು ಇಸಿದುಕೊಂಡವನು ನಿಲ್ಲಲು ಒಂದು ಜಾಗ ಕೊಡುತ್ತೇನೆ ಅಂತ ಕೊಟ್ಟ ಮಾತು. ದೊಡ್ಡ ರೇಸಿನ ದಿನ ಆ ಮಾತು ದುಬಾರಿ ಟಿಕೆಟ್‌ನವರಿಗೆ ಮಾತ್ರ ನಡೆಯುತ್ತದೆ. ಅವರಿಗೆ ಕುರ್ಚಿ ನಂಬರ್ ಇರುತ್ತದೆ, ಕುರ್ಚಿ ತುಂಬಿದರೆ ಮಾರಾಟ ನಿಲ್ಲುತ್ತದೆ. ಅಗ್ಗದ ಸ್ಟ್ಯಾಂಡಿಗೆ ನಂಬರೇ ಇಲ್ಲ, ಹಾಗಾಗಿ ತುಂಬುವುದೂ ಇಲ್ಲ, ಎಷ್ಟು ಬೇಕಾದರೂ ತುರುಕಬಹುದು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಇದು ಅರ್ಥವಾಗುತ್ತದೆ. ರೈತ ಗೂಡು ತಂದರೆ ಅವನ ಲಾಟಿಗೆ ಒಂದು ನಂಬರ್, ಅದಕ್ಕೊಂದು ಜಾಲರಿ. ಇವತ್ತು ಆವಕ ಜಾಸ್ತಿ ಅಂತ ಒಂದೇ ಜಾಲರಿಗೆ ಮೂವರ ಗೂಡು ಸುರಿಯುವುದಿಲ್ಲ. ಸುರಿದರೆ ಗೂಡು ಒತ್ತಿ ಹಾಳಾಗುತ್ತದೆ, ರೈತ ಗಲಾಟೆ ಮಾಡುತ್ತಾನೆ. ಗೂಡಿಗೆ ಇರುವ ಮರ್ಯಾದೆ ಗೂಡು ಬೆಳೆದವನಿಗೆ ಬೇಡವೆ?

ಇನ್ನು ದರದ ವಿಷಯ. 2025ರ ಸೆಪ್ಟೆಂಬರ್ 22ರಿಂದ ರೇಸ್ ಕ್ಲಬ್ ಪ್ರವೇಶದ ಮೇಲೆ ಜಿಎಸ್‌ಟಿ 28ರಿಂದ 40 ಪರ್ಸೆಂಟ್ ಆಗಿದೆ. ಪಂದ್ಯಕ್ಕೆ ಕಟ್ಟುವ ಹಣದ ಮೇಲೂ ಅಷ್ಟೇ. 100 ರೂಪಾಯಿಯ ಸಿನಿಮಾ ಟಿಕೆಟ್ಟಿಗೆ ತೆರಿಗೆ 5 ರೂಪಾಯಿ, 100 ರೂಪಾಯಿಯ ರೇಸ್ ಟಿಕೆಟ್ಟಿಗೆ 40 ರೂಪಾಯಿ. ಅದರಲ್ಲಿ 20 ದಿಲ್ಲಿಗೆ, 20 ಬೆಂಗಳೂರಿಗೆ. ಬಡವನ ಸ್ಟ್ಯಾಂಡಿಗೂ ಸಾಹುಕಾರನ ಸ್ಟ್ಯಾಂಡಿಗೂ ಒಂದೇ ದರ. ಸಿನಿಮಾ ಟಿಕೆಟ್ 200 ರೂಪಾಯಿ ಮೀರಬಾರದು ಅಂತ ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ನಿಯಮ ತಂದಿತ್ತು, ಹೈಕೋರ್ಟ್ ತಡೆ ಕೊಟ್ಟಿತು, ಅದು ಬೇರೆ ಕಥೆ. ಆದರೆ ಟಿಕೆಟ್ ದರದಲ್ಲಿ ಕೈ ಹಾಕುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆ ಅಲ್ಲ ಅನ್ನುವುದಂತೂ ಅದರಿಂದ ಗೊತ್ತಾಯಿತು. ರೇಸಿನ ಗೇಟಿನಲ್ಲಿ ಪಾಲು ತೆಗೆದುಕೊಳ್ಳುವಾಗ ಎರಡೂ ಸರ್ಕಾರ ಮುಂದಿವೆ. ಒಳಗೆ ಉಸಿರಾಡಲು ಜಾಗ ಇದೆಯಾ ಅಂತ ಕೇಳುವಾಗ ಯಾರೂ ಕಾಣುವುದಿಲ್ಲ.

ಇದನ್ನು ನಮ್ಮೂರಿನ ಒಬ್ಬ ಹಿರಿಯರ ಹತ್ತಿರ ಹೇಳಿದೆ. ಅವರು ಹೇಳಿದ್ದು: ಇನ್ನೂ ದುಬಾರಿ ಮಾಡಲಿ ಬಿಡಪ್ಪ, ಹೋಗೋರು ಕಡಿಮೆ ಆಗ್ತಾರೆ, ನಾಲ್ಕು ಮನೆ ಉಳೀತವೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ರೇಸಿನಿಂದ ಹಾಳಾದ ಮನೆ ನಾನೂ ನೋಡಿದ್ದೇನೆ, ಹೆಂಡತಿಯ ಓಲೆ ಅಡವಿಟ್ಟವನನ್ನೂ ನೋಡಿದ್ದೇನೆ. ಆದರೆ ಲೆಕ್ಕ ಹಾಕಿ ನೋಡಿ. ಜೇಬಿನಲ್ಲಿ ಎರಡು ಸಾವಿರ ಇಟ್ಟುಕೊಂಡು ಪಂದ್ಯ ಕಟ್ಟಲು ಹೋಗುವವನು ಗೇಟಿನಲ್ಲಿ ಐವತ್ತು ರೂಪಾಯಿ ಜಾಸ್ತಿ ಅಂತ ವಾಪಸ್ ಬರುತ್ತಾನಾ? ಬರುವುದಿಲ್ಲ. ವಾಪಸ್ ಬರುವವನು ಮಗನಿಗೆ ಕುದುರೆ ತೋರಿಸೋಣ ಅಂತ ಹೋದವನು, ಪಂದ್ಯ ಕಟ್ಟದೆ ಬರೀ ನೋಡಲು ಹೋದವನು. ಚಟ ಹತ್ತಿದವನು ಹೇಗೋ ಒಳಗೆ ಹೋಗುತ್ತಾನೆ. ಹೋಗಲಾಗದಿದ್ದರೆ ಫೋನಿನಲ್ಲಿ ಕಳ್ಳ ಬುಕ್ಕಿ ಇದ್ದೇ ಇದ್ದಾನೆ, ಅವನು ಟಿಕೆಟ್ಟನ್ನೂ ಕೇಳುವುದಿಲ್ಲ, ತೆರಿಗೆಯನ್ನೂ ಕಟ್ಟುವುದಿಲ್ಲ.

ರೇಸೇ ಬೇಡ ಅಂದರೆ ಅದು ಇನ್ನೊಂದು ಚರ್ಚೆ, ಮಾಡೋಣ. ಕುದುರೆ ಪಂದ್ಯ ಅದೃಷ್ಟದ ಆಟವಲ್ಲ, ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಸರ್ಕಾರ 1952ರ ಕಾಯ್ದೆ ಪ್ರಕಾರ ಲೈಸೆನ್ಸ್ ಕೊಡುತ್ತಿದೆ. ಲೈಸೆನ್ಸ್ ಕೊಟ್ಟು, ತೆರಿಗೆ ತಿಂದು, ಆಮೇಲೆ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡವನನ್ನು ‘ಜೂಜುಕೋರ, ಅವನಿಗೆ ಹಾಗೇ ಆಗಬೇಕು’ ಅನ್ನುವುದು ಯಾವ ನ್ಯಾಯ?

ಇನ್ನು ಕೆಲವರು ಇದಕ್ಕೆ ಉಲ್ಟಾ ಹೇಳುತ್ತಾರೆ. ದೊಡ್ಡ ದಿನ ಎಲ್ಲರಿಗೂ ಗೇಟು ತೆಗೆದುಬಿಡಿ, ಫ್ರೀ ಮಾಡಿ ಅಂತ. ಲೆಕ್ಕವಿಲ್ಲದ ಫ್ರೀ ಏನು ಮಾಡುತ್ತದೆ ಅಂತ 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಮುಂದೆ ನೋಡಿದೆವು. ಸುಮಾರು 35 ಸಾವಿರ ಜನ ಹಿಡಿಯುವ ಜಾಗಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ. ಉಚಿತ ಪಾಸ್ ಅಂತ ಸುದ್ದಿ ಹೊರಟಿತ್ತು, ಯಾವ ಗೇಟು, ಎಷ್ಟು ಜನ ಅಂತ ಬಂದವರಿಗೆ ಗೊತ್ತಿರಲಿಲ್ಲ. 11 ಜನ ಸತ್ತರು. ಅವರಲ್ಲಿ ಒಬ್ಬ ನಮ್ಮ ಚಿಂತಾಮಣಿ ತಾಲ್ಲೂಕಿನ ಹುಡುಗ, ಇನ್ನೂ ಓದುತ್ತಿದ್ದ. ಆ ವಾರ ಜಿಲ್ಲೆಯಲ್ಲಿ ವರದಿ ಮಾಡಿದವರಿಗೆ ಅದನ್ನು ನೆನಪಿಸಬೇಕಾಗಿಲ್ಲ. ಅವನು ಜೂಜಿಗೆ ಹೋಗಿರಲಿಲ್ಲ, ಕಪ್ ಗೆದ್ದ ತಂಡ ನೋಡಲು ಹೋಗಿದ್ದ. ಕ್ರಿಕೆಟ್ ಇರಲಿ, ಕುದುರೆ ಇರಲಿ, ಗೇಟಿನಲ್ಲಿ ಲೆಕ್ಕ ಇಡದವರ ತಪ್ಪು ಒಂದೇ.

ಲೆಕ್ಕ ಇಡುವುದು ಆಗದ ಕೆಲಸವೂ ಅಲ್ಲ. ನಂದಿ ಬೆಟ್ಟ 2021ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಾಗ ಆನ್‌ಲೈನ್ ಬುಕಿಂಗ್ ತಂದರು, ಪಾರ್ಕಿಂಗ್ ಹಿಡಿಯುವಷ್ಟು ಗಾಡಿ ಮಾತ್ರ ಮೇಲೆ ಬಿಡುವ ವ್ಯವಸ್ಥೆ ಮಾಡಿದರು. ಬೆಂಗಳೂರಿನಿಂದ ನಸುಕಿನಲ್ಲಿ ಬೈಕ್ ಓಡಿಸಿಕೊಂಡು ಬಂದ ಹುಡುಗರು ಬೈದುಕೊಂಡರು, ಕೆಳಗಿನ ಹೋಟೆಲಿನವರೂ ಗೊಣಗಿದರು. ವಾರಾಂತ್ಯಕ್ಕೆ ಈಗಲೂ ಗೊಂದಲ ಇದೆ, ಇಲ್ಲ ಅನ್ನುವುದಿಲ್ಲ. ಆದರೂ ಬೆಟ್ಟಕ್ಕೆ ಒಂದು ಮಿತಿ ಇದೆ ಅನ್ನುವ ಮಾತನ್ನಾದರೂ ಒಪ್ಪಿಕೊಂಡರು. ಒಂದು ಬೆಟ್ಟವನ್ನು ಎಣಿಸಲು ಬರುವ ಸರ್ಕಾರಕ್ಕೆ ಒಂದು ಸ್ಟ್ಯಾಂಡ್ ಎಣಿಸಲು ಬರುವುದಿಲ್ಲವೆ?

ಕುದುರೆ ರೇಸಿಗೆ ತಾಯಿಮನೆ ಇಂಗ್ಲೆಂಡ್. ಅಲ್ಲಿ ಚೆಲ್ಟನ್‌ಹ್ಯಾಮ್ ಅಂತ ಒಂದು ಊರು, ಪ್ರತಿ ಮಾರ್ಚ್‌ನಲ್ಲಿ ನಾಲ್ಕು ದಿನದ ರೇಸ್ ಹಬ್ಬ. ನಮ್ಮ ಜಾತ್ರೆ ಇದ್ದ ಹಾಗೆ, ಆದರೆ ತೇರಿಲ್ಲ. 2022ರಲ್ಲಿ ನಾಲ್ಕು ದಿನಕ್ಕೆ 2 ಲಕ್ಷ 80 ಸಾವಿರ ಜನ ಬಂದರು, ದಾಖಲೆ. ಬಂದವರು ಬೈದುಕೊಂಡು ಹೋದರು. ಕುಡಿಯಲು ಸಾಲು, ಶೌಚಾಲಯಕ್ಕೆ ಸಾಲು, ಕುದುರೆ ಕಾಣಲಿಲ್ಲ. ಮರುವರ್ಷದಿಂದ ದಿನಕ್ಕೆ 68,500 ಜನಕ್ಕಿಂತ ಹೆಚ್ಚು ಬಿಡುವುದಿಲ್ಲ ಅಂತ ಅವರೇ ಕಟ್ಟು ಹಾಕಿಕೊಂಡರು. 2026ಕ್ಕೆ ಅದನ್ನೂ ಇಳಿಸಿ 66,000 ಮಾಡಿದರು. ಟಿಕೆಟ್ ಮಾರಿ ಬದುಕುವವರೇ ಟಿಕೆಟ್ ಕಡಿಮೆ ಮಾಡಿದರು. ಅವರೇನು ಧರ್ಮಾತ್ಮರಲ್ಲ, ಟಿಕೆಟ್ಟೂ ಲಾಡ್ಜೂ ದುಬಾರಿಯಾಗಿ ಜನ ಬರುವುದು ಕಡಿಮೆಯಾಗಿತ್ತು, 2025ರಲ್ಲಿ ಬಂದವರು 2 ಲಕ್ಷ 19 ಸಾವಿರದ ಆಸುಪಾಸು. ಬಂದವನು ಮತ್ತೆ ಬರಬೇಕಾದರೆ ಅವನಿಗೆ ಜಾಗ ಬೇಕು ಅಂತ ವ್ಯಾಪಾರಿಯ ಬುದ್ಧಿಗೆ ಹೊಳೆಯಿತು. ಡರ್ಬಿ ಅನ್ನುವ ಹೆಸರು ಹುಟ್ಟಿದ ಎಪ್ಸಮ್‌ನಲ್ಲಂತೂ ಮೈದಾನದ ನಡುವಿನ ಗುಡ್ಡದ ಮೇಲೆ ನಿಂತು ಟಿಕೆಟ್ ಇಲ್ಲದೆ ರೇಸ್ ನೋಡುವ ಪದ್ಧತಿ ತಲೆಮಾರುಗಳಿಂದ ಇದೆ. ಅದು ವಿಶಾಲ ಬಯಲು. ನಮ್ಮ ಹಾಗೆ ಬೇಲಿ ನಡುವಿನ ದೊಡ್ಡಿ ಅಲ್ಲ.

ದೊಡ್ಡಿ ಅಂದೆ, ಅದಕ್ಕೂ ಕಾರಣ ಇದೆ. 1989ರ ಏಪ್ರಿಲ್ 15ರಂದು ಅದೇ ಇಂಗ್ಲೆಂಡಿನ ಹಿಲ್ಸ್‌ಬರೋ ಅನ್ನುವ ಫುಟ್ಬಾಲ್ ಮೈದಾನದಲ್ಲಿ ಕಾಲ್ತುಳಿತವಾಗಿ 97 ಜನ ಸತ್ತರು. ನಿಂತು ನೋಡುವ ಅಗ್ಗದ ಜಾಗವನ್ನು ಕಬ್ಬಿಣದ ಬೇಲಿ ಹಾಕಿ ದೊಡ್ಡಿಗಳ ಹಾಗೆ ಭಾಗ ಮಾಡಿದ್ದರು. ನಡುವಿನ ದೊಡ್ಡಿಗಳಲ್ಲಿ ಜನ ಉಸಿರುಕಟ್ಟಿ ಸಾಯುತ್ತಿದ್ದಾಗ ಪಕ್ಕದ ದೊಡ್ಡಿಗಳಲ್ಲಿ ಜಾಗ ಖಾಲಿ ಇತ್ತು. ಅಲ್ಲಿಗೆ ಹೋಗಿ ಅಂತ ತಿರುಗಿಸುವವರು ಇರಲಿಲ್ಲ. ಅದರ ವಿಚಾರಣೆ ನಡೆಸಿದ ನ್ಯಾಯಾಧೀಶ ಟೇಲರ್ 1990ರಲ್ಲಿ ಕೊಟ್ಟ ವರದಿಯಲ್ಲಿ ಎಲ್ಲರಿಗೂ ಕುರ್ಚಿ ಹಾಕಿ ಅಂದರು. ಜೊತೆಗೆ, ಕುರ್ಚಿ ಹಾಕಿದ ನೆಪದಲ್ಲಿ ಬಡವರಿಗೆ ಕೈಗೆಟುಕದಷ್ಟು ದರ ಏರಿಸಬೇಡಿ ಅಂತಲೂ ಸೂಚಿಸಿದರು. ಕುರ್ಚಿ ಬಂತು. ಎರಡನೇ ಮಾತನ್ನು ಕ್ಲಬ್‌ಗಳು ಮರೆತವು, ದರ ಆಕಾಶಕ್ಕೆ ಹೋಯಿತು. ನಾಳೆ ನಮ್ಮಲ್ಲೂ ಸುಧಾರಣೆ ಅಂತ ಬಂದರೆ ಹೀಗೇ ಬರುತ್ತದೆ ಅನ್ನುವುದು ನನ್ನ ಹೆದರಿಕೆ. ಮೊದಲು ನಮ್ಮನ್ನು ತುರುಕುತ್ತಾರೆ, ಆಮೇಲೆ ಸುರಕ್ಷತೆ ಅಂತ ಹೇಳಿ ಹೊರಗೆ ಹಾಕುತ್ತಾರೆ.

ಬೆಂಗಳೂರಿಗೆ ಬರೋಣ. ಊರ ನಡುವೆ 80ಕ್ಕೂ ಹೆಚ್ಚು ಎಕರೆ ಜಾಗ, ಅದು ಯಾವ ಸಾಹುಕಾರನ ಪಿತ್ರಾರ್ಜಿತವೂ ಅಲ್ಲ, ಸರ್ಕಾರದ್ದು, ಟರ್ಫ್ ಕ್ಲಬ್‌ಗೆ ಗುತ್ತಿಗೆ ಕೊಟ್ಟಿದ್ದು. ಆ ಗುತ್ತಿಗೆ 2009ಕ್ಕೇ ಮುಗಿಯಿತು. ಅಲ್ಲಿಂದ ಕೋರ್ಟು, ಕಚೇರಿ, ಸ್ಥಳಾಂತರದ ಮಾತು. ಒಮ್ಮೆ ದೊಡ್ಡಜಾಲದ ಕಡೆ ಅಂದರು, ಅಂದರೆ ನಾವು ಬೆಂಗಳೂರಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲೇ. ಆಮೇಲೆ ಕುಣಿಗಲ್ ಅಂದರು. 2024ರಲ್ಲಿ ಸರ್ಕಾರ ಲೈಸೆನ್ಸ್ ಕೊಡುವುದಿಲ್ಲ ಅಂದಾಗ ಜೂನ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ರೇಸಿಗೆ ಅವಕಾಶ ಕೊಟ್ಟಿತು, ಕೆಲವೇ ದಿನದಲ್ಲಿ ವಿಭಾಗೀಯ ಪೀಠ ತಡೆಯಿತು. ಆ ಸುದ್ದಿಗಳನ್ನೆಲ್ಲ ನಾನು ಓದಿದೆ. ಬುಕ್ಕಿಗಳ ಮಾತಿತ್ತು, ತೆರಿಗೆ ವಂಚನೆಯ ಮಾತಿತ್ತು, ಕುದುರೆಗಳ ಗತಿ ಏನು ಅಂತಲೂ ಇತ್ತು. ಕುದುರೆಗಳ ಚಿಂತೆ ಮಾಡಿದ್ದು ಒಳ್ಳೆಯದೇ. ಅಗ್ಗದ ಸ್ಟ್ಯಾಂಡಿನಲ್ಲಿ ನಿಲ್ಲುವ ಮನುಷ್ಯನ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ.

ಲೈಸೆನ್ಸಿಗೆ ಷರತ್ತು ಹಾಕುವ ಅಧಿಕಾರ ಸರ್ಕಾರಕ್ಕಿದೆ. ನಾವು ಕೇಳುವುದು ದೊಡ್ಡದೇನಲ್ಲ. ಯಾವ ಸ್ಟ್ಯಾಂಡಿನಲ್ಲಿ ಎಷ್ಟು ಜನ ಅಂತ ಅಗ್ನಿಶಾಮಕದವರು ಅಳೆದು ಹೇಳಲಿ, ಆ ಸಂಖ್ಯೆಯನ್ನು ಕೌಂಟರ್ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆಯಲಿ. ಅಷ್ಟು ಟಿಕೆಟ್ ಮಾರಿದ ಮೇಲೆ ಕೌಂಟರ್ ಮುಚ್ಚಲಿ. ಮುಚ್ಚಿದ್ದನ್ನು ಬೆಳಿಗ್ಗೆಯೇ ಫೋನಿಗೆ ತಿಳಿಸಲಿ, ಗೌರಿಬಿದನೂರಿನಿಂದ ಎರಡು ಗಂಟೆ ಪ್ರಯಾಣ ಮಾಡಿ ಗೇಟಿನಲ್ಲಿ ತಿಳಿಯುವುದು ಬೇಡ. ಅಗ್ಗದ ಟಿಕೆಟ್ಟಿನ ದರ ಡರ್ಬಿ ದಿನವೂ ಮಾಮೂಲಿ ದಿನದಷ್ಟೇ ಇರಲಿ. ಪಕ್ಕದ ದುಬಾರಿ ಜಾಗ ಖಾಲಿ ಇದ್ದು ಈ ಕಡೆ ಒತ್ತಡ ಜಾಸ್ತಿಯಾದರೆ ಬೇಲಿಯ ಬಾಗಿಲು ತೆಗೆಯಲು ಒಬ್ಬ ಅಧಿಕಾರಿ ಅಲ್ಲೇ ನಿಂತಿರಲಿ, ಕೈಯಲ್ಲಿ ಕೀಲಿ ಹಿಡಿದು. ಬಿಳಿ ಬಟ್ಟೆಯ ಕುರ್ಚಿ ಸ್ವಲ್ಪ ಕೊಳೆಯಾಗುತ್ತದೆ. ಒಗೆಯಬಹುದು.

ನನ್ನ ಗೆಳೆಯ ಆ ದಿನದ ನಂತರ ರೇಸಿಗೆ ಹೋಗಿಲ್ಲ. ಬುದ್ಧಿ ಬಂತಾ ಅಂತ ಕೇಳಿದ್ದಕ್ಕೆ ಅವನು ಹೇಳಿದ: ಬುದ್ಧಿಯಲ್ಲ ಕಣೋ, ಆ ಮುದುಕರು ಕುಕ್ಕರಗಾಲಲ್ಲಿ ಕೂತಿದ್ದರಲ್ಲ, ಅವರು ಎದ್ದರೋ ಇಲ್ಲವೋ ಅಂತ ನೋಡೋಕೂ ಆಗಲಿಲ್ಲ, ಜನ ನಮ್ಮನ್ನ ಆಚೆ ತಳ್ಳಿಬಿಟ್ಟರು.