ಗಡಗಡ ಶಬ್ದ ಕಾಫಿ ದುಡ್ಡಿಗೆ ಕಾಯುವುದೇ?

ಬಿಟ್ಟಂಗಾಲದಲ್ಲಿ ಬಸ್ಸಿಗೆ ನಿಂತವರಿಗೆ ಹಳೇ ಗಾಡಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಹಂಪ್ ಹತ್ತಿ ಇಳಿಯುವಾಗ ಮುಂದಿನ ಚಕ್ರದ ಕಡೆಯಿಂದ ಗಡಗಡ. ಮಾರುತಿ 800 ಇರಲಿ, ಅಂಗಡಿ ಸಾಮಾನು ತರುವ ಓಮ್ನಿ ಇರಲಿ, ತೋಟದ ಜೀಪೇ ಇರಲಿ, ಕೇಳಿದರೆ ಸಿಗುವ ಉತ್ತರ ಒಂದೇ: "ಗೊತ್ತುಂಟು, ಕಾಫಿ ಮಾರಿದ ಮೇಲೆ ಮಾಡಿಸುವ."

ಲೆಕ್ಕ ತಪ್ಪುವುದು ಇಲ್ಲಿಯೇ. ಗಾಡಿಯ ಮುಂಭಾಗ ಹೆಚ್ಚು ಸವೆಯುವುದು ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಯಲ್ಲಿ. ಕಾಫಿ ಕೊಯ್ಲು ಬಿರುಸಾಗುವುದು ಡಿಸೆಂಬರ್, ಜನವರಿಯಲ್ಲಿ. ದುಡ್ಡು ಕೈ ಸೇರುವುದು ಅದಕ್ಕೂ ಆಮೇಲೆ. ಅಂದರೆ ವರ್ಷದಲ್ಲೇ ಅತಿ ಹೆಚ್ಚು ಜನರನ್ನು ತುಂಬಿಕೊಂಡು ಓಡುವ ಕೊಯ್ಲಿನ ದಿನಗಳಲ್ಲೇ ಗಾಡಿ ಸವೆದ ಜಾಯಿಂಟಿನ ಮೇಲೆ ಓಡುತ್ತಿರುತ್ತದೆ. ರಿಪೇರಿ ಆಗುವುದು ಆಳುಗಳೆಲ್ಲ ಊರಿಗೆ ಮರಳಿದ ಮೇಲೆ!

ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ ಮುಂಭಾಗಕ್ಕೆ ಆಗಾಗ ಗ್ರೀಸ್ ಹೊಡೆಸುವುದು ವಾಡಿಕೆಯಾಗಿತ್ತು. ಆ ನೆಪದಲ್ಲಾದರೂ ಮೇಸ್ತ್ರಿ ಗಾಡಿಯ ಅಡಿಗೆ ನುಗ್ಗುತ್ತಿದ್ದ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಬಾಲ್ ಜಾಯಿಂಟಿನೊಳಗೆ ಗ್ರೀಸ್ ತುಂಬಿ, ಮೇಲೆ ರಬ್ಬರ್ ಬೂಟ್ ಹಾಕಿಯೇ ಕಳಿಸುತ್ತಿದ್ದರು. ಗ್ರೀಸ್ ಹೊಡೆಯುವ ಕೆಲಸ ತಪ್ಪಿತು, ಅಡಿಗೆ ನೋಡುವ ಅಭ್ಯಾಸವೂ ತಪ್ಪಿತು. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ಓಮ್ನಿಯೂ 2019ರಲ್ಲಿ ನಿಂತಿತು. ಇವತ್ತು ರಸ್ತೆಯಲ್ಲಿರುವುದೆಲ್ಲ ವಯಸ್ಸಾದ ಗಾಡಿಗಳೇ.

ರಬ್ಬರ್ ಬೂಟ್ ಒಂದು ಕಡೆ ಹರಿದರೆ ಸಾಕು. ಕೆಸರು ನೀರು ಒಳಗೆ ಹೋಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ, ಮಣ್ಣು ಉಕ್ಕನ್ನು ಅರೆಯುತ್ತದೆ. ಮೊದಲು ಶಬ್ದ, ಆಮೇಲೆ ಸ್ಟಿಯರಿಂಗ್ ಲೂಸು, ಟಯರಿನ ಒಂದು ಅಂಚು ಮಾತ್ರ ಬೋಳು. ಕೊನೆಗೆ ಒಂದು ದಿನ ಗುಂಡು ತನ್ನ ಗೂಡಿನಿಂದ ಕಳಚಿಕೊಳ್ಳುತ್ತದೆ. ಚಕ್ರ ಅಡ್ಡಕ್ಕೆ ಮಡಚುತ್ತದೆ, ಗಾಡಿಯ ಮೂತಿ ನೆಲಕ್ಕೆ ಬೀಳುತ್ತದೆ. ಆಮೇಲೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಮಾಕುಟ್ಟ ಘಾಟಿಯಂಥ ತಿರುವಿನಲ್ಲಿ, ಎದುರಿಗೆ ಬಸ್ಸು ಬರುವಾಗ ಹೀಗಾದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಿಲ್ಲ.

ಮಾರುತಿ 800ರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕೆಳಗಿನ ಆರ್ಮ್ ಹಿಂದೆ ಮುಂದೆ ಅಲ್ಲಾಡದಂತೆ ಹಿಡಿಯುವುದು ಸ್ಟೆಬಿಲೈಸರ್ ರಾಡ್. ಅದರ ತುದಿಯ ರಬ್ಬರ್ ಬುಷ್ ಸವೆದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಹುದು. ಜನ ಬ್ರೇಕ್ ಕೆಟ್ಟಿತೆಂದು ಬ್ರೇಕಿಗೇ ದುಡ್ಡು ಸುರಿಯುತ್ತಾರೆ. ಕೆಟ್ಟದ್ದು ಅಗ್ಗದ ರಬ್ಬರ್! ಹಳೇ ಜೀಪಿನ ಕತೆ ಬೇರೆ. ಅಲ್ಲಿ ಪಟ್ಟಿ ಸ್ಪ್ರಿಂಗಿನ ಬುಷ್, ಟೈರಾಡ್ ತುದಿ, ಇವನ್ನು ನೋಡಬೇಕು.

ಪರೀಕ್ಷೆ ಕಷ್ಟದ್ದೇನಲ್ಲ. ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು (ಬರೀ ಜಾಕಿ ನಂಬಿ ಅಡಿಗೆ ಮಲಗುವ ಧೈರ್ಯ ಯಾರಿಗೂ ಬೇಡ), ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಆಡಿದರೆ ಬಾಲ್ ಜಾಯಿಂಟೋ ಬೇರಿಂಗೋ ಹೋಗಿದೆ. ಎಡಬಲ ಹಿಡಿದಾಗ ಆಡಿದರೆ ಟೈರಾಡ್ ತುದಿಯ ಮೇಲೆ ಅನುಮಾನ.

ಆದರೆ ರಿಪೇರಿ ಎಂಬ ಹೆಸರಲ್ಲಿ ನಡೆಯುವುದನ್ನೂ ನೋಡಬೇಕು. ಶಬ್ದ ಬರುವ ಒಂದು ತುಂಡು ಬದಲಾಯಿಸಿ, ಅದೇ ವಯಸ್ಸಿನ ಇನ್ನೊಂದು ಬದಿಯದನ್ನು "ಸದ್ಯಕ್ಕೆ ಓಡ್ಲಿ ಬಿಡಿ" ಎಂದು ಬಿಡುತ್ತಾರೆ. ಟೈರಾಡ್ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕುವ ಬದಲು ಹಳೆಯದನ್ನೇ ನೆಟ್ಟಗೆ ಮಾಡಿ ತೂರಿಸುತ್ತಾರೆ, ಇಲ್ಲವೇ ಕಟ್ಟುವ ತಂತಿ ಸುತ್ತುತ್ತಾರೆ. ಬುಷ್‌ನ ಬೋಲ್ಟನ್ನು ಚಕ್ರ ನೇತಾಡುವಾಗಲೇ ಬಿಗಿ ಮಾಡುತ್ತಾರೆ. ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕೆಂಬುದು ಒಳ್ಳೇ ಮೇಸ್ತ್ರಿಗೆ ಗೊತ್ತು. ಗಿರಾಕಿಗೂ ಗೊತ್ತಿದ್ದರೆ ಕೆಲಸ ಸರಿ ನಡೆಯುತ್ತದೆ. ಇಷ್ಟೆಲ್ಲ ಮಾಡಿ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟಯರೂ ಹಾಳು.

ರಸ್ತೆಯದೂ ತಪ್ಪುಂಟು, ಇಲ್ಲವೆನ್ನಲಾಗದು. ಬಣ್ಣ ಕಾಣದ ಹಂಪ್, ಮಳೆ ನೀರು ತುಂಬಿದ ಗುಂಡಿ ಯಾವ ಜಾಯಿಂಟನ್ನೂ ಉಳಿಸುವುದಿಲ್ಲ.

ಕಾನೂನು ಏನು ನೋಡುತ್ತದೆ? ಬಾಡಿಗೆ ಗಾಡಿಗೆ ಎಂಟು ವರ್ಷ ಕಳೆದ ಮೇಲೆ ಪ್ರತಿವರ್ಷ ಫಿಟ್‌ನೆಸ್ ಉಂಟು. ಸ್ವಂತದ ಕಾರು, ಜೀಪಿಗೆ ಹದಿನೈದು ವರ್ಷದ ತನಕ ಆ ತಪಾಸಣೆಯೇ ಇಲ್ಲ, ಆಮೇಲೆ ಐದು ವರ್ಷಕ್ಕೊಮ್ಮೆ. ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕಾರಿಗೆ 600ರಿಂದ 5,000 ರೂಪಾಯಿಗೆ ಏರಿಸಿದರು. ಶುಲ್ಕ ಏರಿತು, ನಡುವಿನ ಐದು ವರ್ಷ ಗಾಡಿಯ ಅಡಿಗೆ ನೋಡುವವರು ಮಾತ್ರ ಯಾರೂ ಇಲ್ಲ. ತೋಟಕ್ಕೆ ಜನ ಹೊರುವ ಗಾಡಿಗಳಲ್ಲಿ ಸ್ವಂತದ ನೋಂದಣಿಯವು ಎಷ್ಟೆಂದು ಬೆಳಿಗ್ಗೆ ಅರ್ಧ ಗಂಟೆ ರಸ್ತೆ ಬದಿ ನಿಂತರೆ ತಿಳಿಯುತ್ತದೆ.

ಆದ್ದರಿಂದ ಸಾರಿಗೆ ಇಲಾಖೆಯವರು ಮಡಿಕೇರಿಯಲ್ಲೇ ಕಾದು ಕೂರದೆ, ಮಳೆ ಇಳಿದ ಕೂಡಲೇ, ಅಕ್ಟೋಬರ್‌ನಲ್ಲಿ, ವಿರಾಜಪೇಟೆಯಲ್ಲೋ ಗೋಣಿಕೊಪ್ಪದಲ್ಲೋ ಒಂದು ತಪಾಸಣಾ ಶಿಬಿರ ನಡೆಸಲಿ. ದಂಡದ ಪುಸ್ತಕ ಒಳಗಿಟ್ಟು ಬರಲಿ, ಇಲ್ಲದಿದ್ದರೆ ಒಂದು ಜೀಪೂ ಅತ್ತ ಸುಳಿಯದು. ಜಾಕಿ, ಸ್ಟ್ಯಾಂಡ್, ಇಬ್ಬರು ಮೇಸ್ತ್ರಿಗಳು ಸಾಕು. ತೋಟದ ಮಾಲೀಕರು ಕೊಯ್ಲಿನ ಮುಂಗಡ ಲೆಕ್ಕ ಹಾಕುವಾಗಲೇ ಎರಡು ಬಾಲ್ ಜಾಯಿಂಟ್, ಎರಡು ಟೈರಾಡ್ ತುದಿಯ ಖರ್ಚನ್ನೂ ಅದರಲ್ಲಿ ಸೇರಿಸಿಕೊಳ್ಳಲಿ.